ಹದಿನೆಂಟು ವರ್ಷದ ಕೋಚೂ ನನ್ನ ಎರಡು ಸೀಟೂ

ಸೆಪ್ಟೆಂಬರ್ ತಿಂಗಳು ಕಾಲಿಟ್ಟಿತು ಅಂದ್ರೆ ನನಗೆ ಒಂದಲ್ಲ ಒಂದು ಕಡೆ ಮರ್ಯಾದೆ ಹೋಗೋದು ಗ್ಯಾರಂಟಿ, ಡಿಸೆಂಬರ್‌ವರೆಗೂ ಅದು ನಿಲ್ಲೋದಿಲ್ಲ. ತಪ್ಪು ನಂದಲ್ಲ. ಒಬ್ಬ ಫುಟ್‌ಬಾಲ್ ಕೋಚಿಂದು.

ನಾನು ಇರೋದು ಅಟ್ಲಾಂಟಾ ಪಕ್ಕದ ಜಾನ್ಸ್ ಕ್ರೀಕ್‌ನಲ್ಲಿ. ಎಂ.ಎಸ್. ಓದಿದ್ದು ಕೆರೊಲಿನಾದ ಒಂದು ಯೂನಿವರ್ಸಿಟಿಯಲ್ಲಿ. ಹೆಸರು ಹೇಳಲ್ಲ, ಈಗಾಗಲೇ ಅದಕ್ಕೆ ಆಗಿರೋ ಅವಮಾನ ಸಾಕು. ಅಲ್ಲಿನ ಫುಟ್‌ಬಾಲ್ ಟೀಮಿಗೆ ಹದಿನೆಂಟು ವರ್ಷದಿಂದ ಒಬ್ಬರೇ ಹೆಡ್ ಕೋಚ್. ಮೊದಲ ನಾಲ್ಕು ವರ್ಷ ಗೆಲ್ಲಿಸಿದ್ರು, ಇಲ್ಲ ಅನ್ನಲ್ಲ. ಆಮೇಲಿನ ಹದಿನಾಲ್ಕು ವರ್ಷ ಆ ನಾಲ್ಕು ವರ್ಷದ ಕಥೆ ಹೇಳ್ಕೊಂಡೇ ಕಳೆದಿದ್ದಾರೆ.

ಅಮೆರಿಕದ ಫುಟ್‌ಬಾಲ್ ಗೊತ್ತಿಲ್ಲದವರಿಗೆ ಇಷ್ಟು ತಿಳಿದ್ರೆ ಸಾಕು. ಹತ್ತು ಗಜ ಮುಂದೆ ಹೋಗೋಕೆ ನಾಲ್ಕು ಅವಕಾಶ ಇರುತ್ತೆ. ಮೂರರಲ್ಲಿ ಆಗ್ಲಿಲ್ಲ ಅಂದ್ರೆ, ಧೈರ್ಯ ಇರೋರು ನಾಲ್ಕನೇದನ್ನೂ ಆಡ್ತಾರೆ. ಧೈರ್ಯ ಇಲ್ಲದವರು ಚೆಂಡನ್ನು ದೂರಕ್ಕೆ ಒದ್ದು, ತಗೊಳ್ಳಿ ಸ್ವಾಮಿ ಅಂತ ಎದುರಾಳಿಗೆ ಕೊಟ್ಟುಬಿಡ್ತಾರೆ. ನಮ್ಮ ಕೋಚು ಅರ್ಧ ಗಜ ಬಾಕಿ ಇದ್ದರೂ ಒದೆಸ್ತಾರೆ.

ಆ ಸ್ಟೇಡಿಯಮ್ಮಿನಲ್ಲಿ ನನಗೆ ಇಡೀ ಸೀಸನ್ನಿನ ಎರಡು ಸೀಟಿವೆ. ಹದಿನೈದು ವರ್ಷದಿಂದ ಅವೇ ಸೀಟು, ಮೈದಾನದ ಮಧ್ಯಕ್ಕೆ ನೇರ. ಒಂದು ನಂದು, ಇನ್ನೊಂದು ನನ್ನ ಜೊತೆ ಓದಿದ ಹುಬ್ಬಳ್ಳಿ ಗೆಳೆಯನದು. ಕೊರೊನಾ ವರ್ಷ ಯಾರನ್ನೂ ಒಳಗೆ ಬಿಡದೆ ನಮ್ಮ ಫೋಟೋ ಅಂಟಿಸಿದ ರಟ್ಟಿನ ಗೊಂಬೆಗಳನ್ನ ಸೀಟಲ್ಲಿ ಕೂರಿಸಿದ್ರು. ಆವತ್ತಿಂದ ಇವತ್ತಿನವರೆಗೆ ಆ ಸೀಟಲ್ಲಿ ಬಿಪಿ ಏರದೆ ಮ್ಯಾಚ್ ನೋಡಿದ್ದು ಆ ರಟ್ಟು ಒಂದೇ.

೧. ಮಂಗಳಾರತಿ

ಹೋದ ವರ್ಷದ ಹಿಂದಿನ ವರ್ಷ, ಸೀಸನ್ನಿನ ಎರಡನೇ ಶನಿವಾರ. ನಮ್ಮ ಟೀಮು ಬೇರೆ ಊರಲ್ಲಿ ಆಡ್ತಿತ್ತು, ನಾನು ಅಲ್ಫರೆಟಾದಲ್ಲಿ ಸಹೋದ್ಯೋಗಿಯ ಗೃಹಪ್ರವೇಶದಲ್ಲಿ ಸಿಕ್ಕಿಹಾಕ್ಕೊಂಡಿದ್ದೆ. ಸತ್ಯನಾರಾಯಣ ಪೂಜೆ ಬೇರೆ. ಕಥೆಯ ಐದೂ ಅಧ್ಯಾಯ ಕೂತು ಕೇಳಿದೆ ಅಂತ ಎಲ್ಲರೂ ಮೆಚ್ಕೊಂಡ್ರು. ಪಂಚೆಯ ಮಡಿಕೆಯೊಳಗೆ ಫೋನಿತ್ತು, ಕಿವಿಯಲ್ಲಿ ಇಯರ್‌ಫೋನಿತ್ತು.

ಮಂಗಳಾರತಿ ಶುರುವಾಯ್ತು. ಹಾಡೂ ಗಂಟೆಯೂ ನಿಂತು ಮನೆಯೆಲ್ಲ ನಿಶ್ಶಬ್ದ, ಎಲ್ಲರೂ ಕಣ್ಣು ಮುಚ್ಚಿ ಕೈ ಮುಗಿದಿದ್ದಾರೆ. ಆಗ ಫೋನಿನಲ್ಲಿ ಕೊನೇ ಎರಡು ನಿಮಿಷ. ನಮಗೆ ಬೇಕಿದ್ದದ್ದು ಅರ್ಧ ಗಜ. ಕೂಸು ಅಂಬೆಗಾಲಿಟ್ಟರೂ ದಾಟುತ್ತೆ. ಈ ಮಹಾನುಭಾವ ಒದೆಸಿದ್ರು. ನನ್ನ ಬಾಯಿಂದ ಮಾತು ತಾನಾಗೇ ಬಂತು, ಅದೂ ಇಯರ್‌ಫೋನ್ ಹಾಕ್ಕೊಂಡವರ ಗಂಟಲಲ್ಲಿ. "ಥೂ, ವಯಸ್ಸಾಯ್ತಲ್ಲ, ಇನ್ನೂ ಯಾಕಿಲ್ಲಿ ಕೂತಿದ್ದೀಯ, ಎದ್ದು ಹೋಗಬಾರದಾ?"

ನನ್ನ ಮುಂದೆಯೇ ಕುರ್ಚಿಯಲ್ಲಿ ಕೂತಿದ್ದವರು ಆ ಮನೆಯೊಡೆಯನ ಮಾವ. ಮಗಳ ಹೊಸ ಮನೆ ನೋಡೋಕೆ ಮೈಸೂರಿನಿಂದ ಬಂದು ಮೂರು ದಿನ ಆಗಿತ್ತಷ್ಟೆ. ಪಾಪ, ಮೆಲ್ಲಗೆ ಎದ್ದರು. ಪಂಚೆ ಸರಿ ಮಾಡ್ಕೊಂಡ್ರು. ನನ್ನ ಕಡೆ ತಿರುಗಿ ಬಹಳ ಮರ್ಯಾದೆಯಿಂದ, "ಪ್ರಸಾದ ತಗೊಂಡು ಹೊರಡ್ತೀನಪ್ಪ, ಆಗಬಹುದಾ?" ಅಂದ್ರು.

ಅವರ ಕಾಲು ಹಿಡಿದು ಕೂರಿಸಿದ್ದಾಯ್ತು. ಹಿಂದಿರುಗುವಾಗ ಫೋರ್ ಹಂಡ್ರೆಡ್ ಹೈವೇಯಲ್ಲಿ ನನ್ನ ಹೆಂಡತಿ ರೇಡಿಯೋ ಆರಿಸಿದಳು. ಆಮೇಲೆ ಬಹಳ ತಣ್ಣಗೆ ಹೇಳಿದಳು. "ರೀ, ಕೇಳಿ. ಹದಿಮೂರು ವರ್ಷದಿಂದ ನನಗೆ ಶನಿವಾರ ಅನ್ನೋದೇ ಇಲ್ಲ. ಈ ಸೀಸನ್ ಮುಗಿಯೋಷ್ಟರಲ್ಲಿ ಒಂದೋ ಆ ಕೋಚ್ ಹೋಗ್ಬೇಕು, ಇಲ್ಲಾ ನಿಮ್ಮ ಸೀಟು ಹೋಗ್ಬೇಕು. ಎರಡೂ ಇರ್ಲಿ ಅಂದ್ರೆ ನಾನು ಹೋಗ್ತೀನಿ."

ಕೋಚ್ ಹೋಗೋದನ್ನ ನಾನು ಹನ್ನೆರಡು ವರ್ಷದಿಂದ ಕಾಯ್ತಿದ್ದೆ. ಈಗ ಮೂರು ತಿಂಗಳಲ್ಲಿ ಆಗಬೇಕಿತ್ತು.

೨. ಕನ್ನಡ ಬ್ಯಾನರು

ಹುಬ್ಬಳ್ಳಿ ಗೆಳೆಯ ಲಾರೆನ್ಸ್‌ವಿಲ್‌ನಲ್ಲಿರೋ ಸಿವಿಲ್ ಇಂಜಿನಿಯರ್. ನನಗಿಂತ ದೊಡ್ಡ ಸಿಟ್ಟಿನವನು, ಆದರೆ ಅವನ ಸಿಟ್ಟಿಗೆ ಪ್ಲಾನಿಂಗ್ ಇರುತ್ತೆ. ಸೀಟು ಹೋಗೋ ವಿಷಯ ಕೇಳಿದ ತಕ್ಷಣ, "ಲೇ ದೋಸ್ತ, ಬ್ಯಾನರ್ ಹಿಡಿಯೋಣು. ಮಂದಿ ನೋಡ್ಲಿ, ಟಿವಿಯಾಗ ಬರ್ಲಿ" ಅಂದ.

"ಕೋಚಿಗೆ ಬೈದು ಬರೆದ್ರೆ ಗೇಟಲ್ಲೇ ಕಿತ್ಕೋತಾರೆ ಮಾರಾಯ."

"ಇಂಗ್ಲಿಷ್‌ನ್ಯಾಗ ಬರದ್ರ ಕಸಗೊಂತಾರ. ಕನ್ನಡದಾಗ ಬರಿಯೋಣು. ಅವರಿಗೇನ್ ತಿಳಿತದ?"

ಹಳೇ ಬೆಡ್‌ಶೀಟಿನ ಮೇಲೆ ಟೀಮಿನ ಬಣ್ಣದಲ್ಲೇ ದಪ್ಪಕ್ಷರದಲ್ಲಿ ಬರೆದ್ವಿ: ಸಾಕಪ್ಪ ಸಾಕು, ಗಂಟುಮೂಟೆ ಕಟ್ಟು. ಮೂರು ಗಂಟೆ ಡ್ರೈವ್ ಮಾಡಿ, ಪಾರ್ಕಿಂಗ್ ಲಾಟಿನಲ್ಲಿ ಡಿಕ್ಕಿ ತೆಗೆದು ರೊಟ್ಟಿ, ಎಣಗಾಯಿ ಪಲ್ಯ ತಿಂದು ಗೇಟಿಗೆ ಹೋದ್ವಿ. ಸೆಕ್ಯೂರಿಟಿಯಮ್ಮ ಬೆಡ್‌ಶೀಟ್ ಬಿಡಿಸಿ ನೋಡಿ, ಏನಿದು ಅಂತ ಕೇಳಿದಳು. ಗೆಳೆಯ ಕಣ್ಣು ಮಿಟುಕಿಸದೆ, "ನಮ್ಮ ಭಾಷೆ. ಕೋಚಿಗೆ ಮನಸ್ಸಿನಿಂದ ಬಂದ ಮಾತು" ಅಂದ. ಸುಳ್ಳಂತೂ ಅಲ್ಲ. ಆಕೆ ಅಕ್ಷರ ಎಷ್ಟು ದುಂಡಗಿದೆ ಅಂತ ಫೋಟೋ ತಗೊಂಡು ಒಳಗೆ ಬಿಟ್ಟಳು.

ಮೂರನೇ ಕ್ವಾರ್ಟರಿನಲ್ಲಿ ಇಪ್ಪತ್ತೊಂದು ಪಾಯಿಂಟ್ ಹಿಂದಿದ್ವಿ. ಜನ ಎದ್ದು ಹೋಗೋಕೆ ಶುರು ಮಾಡಿದ್ರು. ನಾವಿಬ್ಬರೇ ಬ್ಯಾನರ್ ಹಿಡಿದು ನಿಂತಿದ್ವಿ. ಕ್ಯಾಮೆರಾದವರಿಗೆ ಅಷ್ಟೇ ಸಾಕಾಯ್ತು. ಸ್ಟೇಡಿಯಮ್ಮಿನ ದೊಡ್ಡ ಸ್ಕ್ರೀನಿನ ತುಂಬ ನಾವು, ನಮ್ಮ ಬೆಡ್‌ಶೀಟು. ಕನ್ನಡ ಅಷ್ಟು ದೊಡ್ಡದಾಗಿ ನಾನು ಕನ್ನಡ ಸಂಘದ ರಾಜ್ಯೋತ್ಸವದಲ್ಲೂ ನೋಡಿಲ್ಲ.

ಸೋತ ಮೇಲೆ ಕೋಚು ಪ್ರೆಸ್ಸಿನವರ ಮುಂದೆ ಕೂತ್ಕೊಂಡ್ರು. ಹುಡುಗರು ಜೀವ ಬಿಟ್ಟು ಆಡಿದ್ರು, ತಪ್ಪೆಲ್ಲ ನಂದೇ ಅಂತ ಪ್ರತಿ ವಾರ ಹೇಳೋದನ್ನೇ ಹೇಳಿದ್ರು. ಕೊನೆಗೆ ಕಣ್ಣೊರೆಸ್ಕೊಂಡು, "ಎಲ್ಲರೂ ಎದ್ದು ಹೋದಾಗ ದೂರದ ದೇಶದ ಇಬ್ಬರು ಮಾತ್ರ ಅವರ ಭಾಷೆಯಲ್ಲಿ ನನಗೆ ಹಾರೈಸ್ತಾ ನಿಂತಿದ್ರು. ನನಗೆ ಇನ್ನೂ ದುಡೀಬೇಕು ಅನ್ನಿಸಿದ್ದು ಅವರಿಂದ" ಅಂದುಬಿಟ್ರು. ಮಾರನೇ ದಿನ ಯೂನಿವರ್ಸಿಟಿ ಪೇಜಿನಲ್ಲಿ ನಮ್ಮ ಫೋಟೋ, ಜಗತ್ತೇ ಕೋಚ್ ಜೊತೆಗಿದೆ ಅಂತ ಮೇಲೊಂದು ಸಾಲು. ನನಗೆ ಬಂದ ಸಿಟ್ಟಿಗೆ ಆ ಬೆಡ್‌ಶೀಟನ್ನ ಗ್ಯಾರೇಜ್ ಒರೆಸೋಕೆ ಹಾಕಿದೆ.

ಭಾನುವಾರ ಮಗಳನ್ನ ಕನ್ನಡ ಕಲಿ ಕ್ಲಾಸಿನಿಂದ ಕರ್ಕೊಂಡು ಬರ್ತಿದ್ದೆ. ಎಂಟನೇ ಕ್ಲಾಸಿನವಳು, ಇಲ್ಲೇ ಹುಟ್ಟಿದವಳು. "ಅಪ್ಪಾ, ಟೀಚರ್ ಆಂಟಿ ನಿಮ್ಮ ಫೋಟೋ ತೋರ್ಸಿ ರೀಡಿಂಗ್ ಮಾಡ್ಸಿದ್ರು. ನಾನು ಫುಲ್ ಓದ್ದೆ. ಬಟ್ ಗಂಟುಮೂಟೆ ಮೀನ್ಸ್ ವಾಟ್?"

"ಡಿಸೆಂಬರ್‌ನಲ್ಲಿ ನಾನು ಕಟ್ಟೋದು ಕಣಮ್ಮ" ಅಂದೆ.

೩. ಹನ್ನೆರಡು ಪ್ರಶ್ನೆ

ಅಕ್ಟೋಬರ್‌ನಲ್ಲಿ ಮ್ಯಾಚಿಲ್ಲದ ವಾರ ಒಂದಿತ್ತು. ಹಳೇ ವಿದ್ಯಾರ್ಥಿಗಳಿಗೆ ಅಂತ ಅಟ್ಲಾಂಟಾದ ಒಂದು ಹೋಟೆಲಿನಲ್ಲಿ ಮಧ್ಯಾಹ್ನದ ಊಟ ಇಟ್ಟುಕೊಂಡಿದ್ರು, ಕೋಚು ಬಂದು ಪ್ರಶ್ನೆಗೆ ಉತ್ತರ ಕೊಡ್ತಾರೆ ಅಂತ. ನಾನು ಆಫೀಸಿಗೆ ರಜಾ ಹಾಕಿದೆ. ಹನ್ನೆರಡು ಪ್ರಶ್ನೆ ಟೈಪ್ ಮಾಡಿ ಪ್ರಿಂಟ್ ತೆಗೆದೆ. ಏಳನೇದು ಎಂಥದ್ದಿತ್ತು ಅಂದ್ರೆ ಸ್ವಾಭಿಮಾನ ಇರೋ ಯಾವ ಮನುಷ್ಯನೂ ಅದನ್ನ ಕೇಳಿದ ಮೇಲೆ ಕೆಲಸದಲ್ಲಿ ಉಳಿಯೋದಿಲ್ಲ. ಕನ್ನಡಿ ಮುಂದೆ ನಿಂತು ಮೂರು ಸಲ ಕೇಳ್ಕೊಂಡು ನೋಡಿದೆ. ನನಗೇ ರಾಜೀನಾಮೆ ಕೊಡೋಣ ಅನ್ನಿಸಿತು.

ಮೈಕು ನನ್ನ ಕೈಗೆ ಬಂತು. ಎದ್ದು ನಿಂತೆ. ಕೋಚು ಕೂತಿದ್ದವರು ನನ್ನನ್ನ ನೋಡಿ, ಬ್ಯಾನರಿನವನು ಅಂತ ಗುರುತು ಹಿಡಿದು, ವೇದಿಕೆಯಿಂದ ಇಳಿದು ಬಂದೇಬಿಟ್ರು. ಹತ್ತಿರದಿಂದ ನೋಡಿದ್ರೆ ತಲೆ ಪೂರ್ತಿ ಬೆಳ್ಳಗೆ, ಮಂಡಿ ನೋವಿರಬೇಕು, ಕುಂಟ್ತಾ ಬರ್ತಿದ್ರು. ಬಂದು ನನ್ನ ಎರಡೂ ಕೈ ಹಿಡ್ಕೊಂಡ್ರು.

ನಮಗೆ ಚಿಕ್ಕಂದಿನಿಂದ ಕಲಿಸಿದ್ದು ಒಂದೇ, ವಯಸ್ಸಾದವರು ನಿಂತಿದ್ದಾಗ ನಾವು ಬಾಯಿ ಮಾಡಬಾರದು. ಮೈಯೊಳಗೆ ಸೇರಿಹೋಗಿದೆ ಅದು, ಹಾಳಾದ್ದು. ನನ್ನ ಬೆನ್ನು ತಾನಾಗೇ ಬಗ್ಗಿತು. ಪ್ರಶ್ನೆಯ ಹಾಳೆ ತಾನಾಗೇ ಜೇಬಿಗೆ ಹೋಯ್ತು. ನನ್ನ ಕುರ್ಚಿ ಎಳೆದು, ಸರ್, ಕೂತ್ಕೊಳ್ಳಿ ಸರ್ ಅಂದೆ.

ಇದು ಗೊತ್ತಾಗಿ ಗೆಳೆಯ ಮೂರು ದಿನ ನನ್ನ ಫೋನ್ ಎತ್ತಲಿಲ್ಲ. ಆವತ್ತು ಸಂಜೆ ಹೆಂಡತಿ ಬಾಗಿಲಲ್ಲೇ ಕಾಯ್ತಿದ್ದಳು. "ಏನಾಯ್ತು? ಎಷ್ಟು ಪ್ರಶ್ನೆ ಕೇಳಿದ್ರಿ?"

"ಒಂದು."

"ಆ ಏಳನೇದಾ?"

"ಅಲ್ಲ. ಊಟ ಆಯ್ತಾ ಅಂತ ಕೇಳಿದೆ."

೪. ನನ್ನ ಗುರಿಗಳು

ನವೆಂಬರ್ ಅಂದ್ರೆ ನಮ್ಮ ಆಫೀಸಿನಲ್ಲಿ ವರ್ಷದ ರಿವ್ಯೂ. ಆ ವರ್ಷ ಎಲ್ಲೆಲ್ಲೂ ಲೇಆಫ್ ಮಾತು, ವೀಸಾದಲ್ಲಿರೋ ಹುಡುಗರ ಮುಖದಲ್ಲಿ ರಕ್ತ ಇರಲಿಲ್ಲ. ಕೆಲಸ ಹೋದ್ರೆ ಅರವತ್ತು ದಿನದಲ್ಲಿ ಇನ್ನೊಂದು ಹುಡುಕ್ಕೋಬೇಕು, ಇಲ್ಲಾ ದೇಶ ಬಿಡಬೇಕು. ನಾನೂ ಆ ಹೆದರಿಕೆಯಲ್ಲೇ ಹನ್ನೊಂದು ವರ್ಷ ಕಳೆದವನು.

ನನ್ನ ಮ್ಯಾನೇಜರ್ ಅಮೆರಿಕದವನು, ಒಳ್ಳೆಯವನೇ, ಅದೇ ಯೂನಿವರ್ಸಿಟಿಯಲ್ಲಿ ಓದಿದವನು. ಗಂಭೀರವಾಗಿ ನನ್ನ ಹಾಳೆ ನೋಡ್ತಾ, "ಈ ವರ್ಷ ನಿನಗೆ ಹನ್ನೆರಡು ಗುರಿ ಕೊಟ್ಟಿದ್ವಿ. ಎರಡು ಆಗಿಲ್ಲ" ಅಂದ.

ಹಿಂದಿನ ಶನಿವಾರವಷ್ಟೇ ಏಳನೇ ಸೋಲು ಕಂಡಿದ್ವಿ. ನನಗೆ ಉರಿದುಹೋಯ್ತು. "ಎರಡಾ? ನಮ್ಮ ಕೋಚು ಹನ್ನೊಂದು ಆಡಿ ಏಳು ಸೋತಿದ್ದಾರೆ. ಅವರನ್ನ ಯಾರಾದ್ರೂ ಕೂರಿಸ್ಕೊಂಡು ಹಾಳೆ ತೋರಿಸಿದ್ದಾರಾ? ಅವರನ್ನ ಯಾಕೆ ತೆಗೆಯಲ್ಲ, ಅದನ್ನ ಹೇಳು ಮೊದಲು" ಅಂದೆ. ರಿವ್ಯೂ ಯಾರದ್ದು ಅನ್ನೋದೇ ಮರೆತುಹೋಗಿತ್ತು.

ಅವನು ನಿಟ್ಟುಸಿರು ಬಿಟ್ಟ. ಕಾಂಟ್ರ್ಯಾಕ್ಟ್ ಹಾಗಿದೆ, ಮಧ್ಯದಲ್ಲಿ ತೆಗೆದ್ರೆ ಯೂನಿವರ್ಸಿಟಿಯೇ ಅವರಿಗೆ ಕೋಟಿಗಟ್ಟಲೆ ಕೊಟ್ಟು ಕಳಿಸಬೇಕು, ಅದಕ್ಕೇ ಇಟ್ಕೊಂಡಿದ್ದಾರೆ ಅಂತ ಬಿಡಿಸಿ ಹೇಳಿದ. ಸೋತವರಿಗೆ ಹಣ ಕೊಟ್ಟು ಬೀಳ್ಕೊಡೋ ಈ ಪದ್ಧತಿ ನಮ್ಮ ಸಾಫ್ಟ್‌ವೇರಿಗೆ ಯಾಕೆ ಬಂದಿಲ್ಲ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ.

"ಈಗ ನಿನ್ನ ಕಾಂಟ್ರ್ಯಾಕ್ಟ್ ನೋಡೋಣ" ಅಂದ ಮ್ಯಾನೇಜರ್. "ನಿನ್ನನ್ನ ತೆಗೆದ್ರೆ ಯಾರು ಏನು ಕೊಡಬೇಕು?"

"ನಾನೇ ಲ್ಯಾಪ್‌ಟಾಪ್ ವಾಪಸ್ ಕೊಡಬೇಕು."

೫. ಅರ್ಚನೆ

ಸೀಸನ್ ಮುಗೀತು. ಹನ್ನೆರಡರಲ್ಲಿ ಎಂಟು ಸೋಲು. ಕೋಚು ಅಲ್ಲೇ. ಸೀಟು ಮುಂದುವರಿಸಬೇಕಾ ಬೇಡವಾ ಅಂತ ಯೂನಿವರ್ಸಿಟಿಯಿಂದ ಇಮೇಲ್ ಬಂತು, ಹದಿನೈದು ದಿನದಲ್ಲಿ ತಿಳಿಸಬೇಕಂತೆ. ಒಂದು ಸಲ ಬಿಟ್ಟರೆ ಮುಗೀತು, ಮತ್ತೆ ಆ ಜಾಗ ಈ ಜನ್ಮಕ್ಕೆ ಸಿಗೋದಿಲ್ಲ. ಹೆಂಡತಿ ಫ್ರಿಜ್ಜಿನ ಮೇಲಿನ ಕ್ಯಾಲೆಂಡರಿನಲ್ಲಿ ಹದಿನೈದನೇ ದಿನಕ್ಕೆ ಒಂದು ಸುತ್ತು ಹಾಕಿಟ್ಟಳು.

ಮನುಷ್ಯರಿಂದ ಆಗೋದೆಲ್ಲ ಮಾಡಿ ಆಗಿತ್ತು. ಒಬ್ಬನೇ ದೇವಸ್ಥಾನಕ್ಕೆ ಹೋದೆ. ಕೋಚಿನ ಹೆಸರಲ್ಲೇ ಅರ್ಚನೆ ಮಾಡಿಸೋಣ, ಅವರಿಗೂ ಒಳ್ಳೇದಾಗ್ಲಿ, ನಮ್ಮನ್ನೂ ಬಿಟ್ಟು ಹೋಗ್ಲಿ ಅಂತ. ಭಟ್ಟರು ಮೈಸೂರಿನ ಕಡೆಯವರು, ಕನ್ನಡದಲ್ಲೇ ಮಾತಾಡ್ತಾರೆ. ಕೌಂಟರಿನ ಚೀಟಿ ನೋಡಿ, "ಹೆಸರು ಅಮೆರಿಕದವರದ್ದು. ಗೋತ್ರ?" ಅಂದ್ರು.

ಗೋತ್ರ ಕೇಳ್ತಾರೆ ಅಂತ ನನಗೆ ಹೊಳೆದೇ ಇರಲಿಲ್ಲ. ನನ್ನ ಹಿಂದೆ ಇಪ್ಪತ್ತು ಜನ ಹಣ್ಣುಕಾಯಿ ಹಿಡಿದು ನಿಂತಿದ್ದಾರೆ. ಗಾಬರಿಯಲ್ಲಿ ಬಾಯಿಗೆ ಬಂದದ್ದು ನಂದೇ. "ಭಾರದ್ವಾಜ" ಅಂದೆ.

"ನಕ್ಷತ್ರ?"

"ಪುಷ್ಯ." ಅದೂ ನಂದೇ.

"ಯಾವ ವಿಷಯಕ್ಕೆ?"

ಒಬ್ಬ ಮನುಷ್ಯನ ಕೆಲಸ ಹೋಗ್ಲಿ ಅಂತ ದೇವರ ಮುಂದೆ ಜೋರಾಗಿ ಹೇಳೋದು ಹೇಗೆ? ಅದೂ ಹಿಂದೆ ನಿಂತಿರೋ ಅರ್ಧ ಜನ ಲೇಆಫ್‌ಗೆ ಹೆದರಿ ಬಂದವರು. ತಲೆ ತಗ್ಗಿಸಿ, "ಕೆಲಸದ ವಿಷಯ ಭಟ್ರೇ" ಅಂದೆ.

ಭಟ್ಟರು ಕರುಣೆಯಿಂದ ನನ್ನ ಭುಜ ಮುಟ್ಟಿದ್ರು. "ಗೊತ್ತಾಯ್ತು ಬಿಡಿ. ಈ ತಿಂಗಳು ಎಲ್ಲರದ್ದೂ ಅದೇ. ಗಟ್ಟಿಯಾಗಿ ಮಾಡ್ತೀನಿ." ಹತ್ತು ನಿಮಿಷ ಮಂತ್ರ ಹೇಳಿದ್ರು. ನಾನು ಒಂದು ಅಕ್ಷರವೂ ತಿಳಿಯದೆ, ಬಹಳ ಭಕ್ತಿಯಿಂದ ತೀರ್ಥ ತಗೊಂಡು ಬಂದೆ.

ಮಂಗಳವಾರ ಗೆಳೆಯ ಫೋನ್ ಮಾಡಿದ. ಅವನ ದನಿ ಸತ್ತುಹೋಗಿತ್ತು. "ದೋಸ್ತ, ಸುದ್ದಿ ನೋಡಿದೇನ? ಕೋಚಿಗೆ ಐದು ವರ್ಷ ಎಕ್ಸ್‌ಟೆನ್ಷನ್ ಕೊಟ್ಟಾರ. ನಾ ಇನ್ನ ಬರಂಗಿಲ್ಲಪಾ. ನನ್ನ ಕೈಲೆ ಆಗಂಗಿಲ್ಲ."

ಎಂಟು ಮ್ಯಾಚ್ ಸೋತವರಿಗೆ ಐದು ವರ್ಷ. ನಾನು ಎರಡು ದಿನ ಸರಿಯಾಗಿ ಊಟ ಮಾಡ್ಲಿಲ್ಲ.

ಹದಿನೈದನೇ ದಿನ ಶನಿವಾರವೇ ಬಿತ್ತು. ಬೆಳಿಗ್ಗೆ ಹೆಂಡತಿ ಜೊತೆ ದೇವಸ್ಥಾನಕ್ಕೆ ಹೋದೆ, ಮನೆಗೆ ಬಂದ ಮೇಲೆ ಸೀಟು ಬಿಡ್ತೀನಿ ಅಂತ ಇಮೇಲ್ ಕಳಿಸೋದು ಅಂತ ಮನಸ್ಸು ಗಟ್ಟಿ ಮಾಡ್ಕೊಂಡಿದ್ದೆ. ಭಟ್ಟರು ನನ್ನನ್ನ ನೋಡಿದ್ದೇ ತಡ, ಅಲ್ಲಿಂದಲೇ ಕೇಳಿದ್ರು. "ಏನ್ರೀ, ಅವರ ಕೆಲಸ ಏನಾಯ್ತು?"

"ಐದು ವರ್ಷ ಎಕ್ಸ್‌ಟೆನ್ಷನ್ ಆಯ್ತು" ಅಂದೆ, ಹಲ್ಲು ಕಚ್ಚಿ.

ಅವರ ಮುಖ ಅರಳಿತು. "ನೋಡಿದ್ರಾ? ಉದ್ಯೋಗ ಅಲುಗಾಡಬಾರದು ಅಂತ ವಿಶೇಷವಾಗಿ ಸಂಕಲ್ಪ ಮಾಡಿದ್ದೆ."

"ಭಟ್ರೇ, ನಾನು ಬಂದಿದ್ದೇ ಅವರು ಹೋಗ್ಲಿ ಅಂತ."

"ನೀವು ಹಾಗೆ ಹೇಳ್ಲಿಲ್ಲವಲ್ಲ. ನಿಮ್ಮ ಗೋತ್ರ ಕೊಟ್ರಿ, ನಿಮ್ಮ ಮನೆಯವರು ಅಂದ್ಕೊಂಡೆ."

ಹೆಂಡತಿ ನಮ್ಮಿಬ್ಬರ ಮುಖ ನೋಡಿದಳು. "ಯಾರಿಗೆ ಗೋತ್ರ ಕೊಟ್ರಿ?" ಎಲ್ಲ ಹೇಳಬೇಕಾಯ್ತು. ಬೈಗುಳಕ್ಕೆ ಕಾಯ್ತಾ ನಿಂತೆ. ಅವಳು ಕಂಬಕ್ಕೆ ಒರಗಿ, ಕಣ್ಣಲ್ಲಿ ನೀರು ಬರೋ ಹಾಗೆ ನಕ್ಕಳು.

"ಇವತ್ತೇ ಸೀಟು ಬಿಟ್ಟುಬಿಡ್ತೀನಿ" ಅಂದೆ.

"ಅದು ಹೇಗಾಗುತ್ತೆ? ಹೊರಗಿನವರಾಗಿದ್ರೆ ಬಿಡಬಹುದಿತ್ತು. ನೀವೇ ದೇವರ ಮುಂದೆ ಗೋತ್ರ ಕೊಟ್ಟು ಮನೆಗೆ ಸೇರಿಸ್ಕೊಂಡಿದ್ದೀರಿ. ನಿಮಗಿಂತ ದೊಡ್ಡವರು, ನಿಮಗೆ ಅಣ್ಣ ಆದ್ರು, ನನಗೆ ಭಾವ. ನಿಮ್ಮ ಸ್ವಂತ ಅಣ್ಣ ಪ್ರತಿ ಬೇಸಿಗೆ ಬಂದು, ಎರಡು ತಿಂಗಳು ಕೂತು, ನನ್ನ ಸಾರಿಗೆ ಹೆಸರಿಟ್ಟು ಹೋಗ್ತಾರೆ. ಬೇಡ ಅಂತ ನಾನು ಯಾವತ್ತಾದ್ರೂ ಬಾಗಿಲು ಹಾಕಿದ್ದೀನಾ? ಹಾಗೇ ನೀವೂ ಸಹಿಸ್ಕೊಳ್ಳಿ. ಸೀಟು ಇರ್ಲಿ."

ಇದು ತಮಾಷೆ, ಮನೆಗೆ ಹೋಗೋಷ್ಟರಲ್ಲಿ ಬದಲಾಗ್ತಾಳೆ ಅಂದ್ಕೊಂಡೆ. ಬದಲಾಗ್ಲಿಲ್ಲ. ಮುಂದಿನ ಸೆಪ್ಟೆಂಬರ್ ಮೊದಲ ಮ್ಯಾಚಿಗೆ, ಗೆಳೆಯ ಬಿಟ್ಟ ಸೀಟಿಗೆ ಅವಳೇ ಬಂದಳು. ಎರಡು ಕ್ವಾರ್ಟರ್ ಸುಮ್ಮನೆ ಕೂತು ಚಕ್ಕುಲಿ ತಿಂದಳು. ಮೂರನೇದರಲ್ಲಿ ಅರ್ಧ ಗಜ ಬಾಕಿ ಇತ್ತು, ಕೋಚು ಒದೆಸಿದ್ರು. ನಾನು ಬಾಯಿ ತೆಗೆಯೋದಕ್ಕೆ ಮೊದಲೇ ಪಕ್ಕದಲ್ಲಿ ಅವಳು ಎದ್ದು ನಿಂತಿದ್ದಳು. ಇಷ್ಟು ವರ್ಷದಲ್ಲಿ ಅಂಥ ಗಂಟಲು ನಾನು ಕೇಳಿರಲಿಲ್ಲ.

"ಭಾವಾ, ನಿಮಗೆ ತಲೆ ನೆಟ್ಟಗಿದೆಯಾ? ಎಷ್ಟು ವರ್ಷ ಹೇಳಬೇಕು ನಿಮಗೆ? ಮಾಡೋಕೆ ಬರಲ್ಲ ಅಂದ್ರೆ ಬಾಯಿ ಮುಚ್ಕೊಂಡು ಒಂದು ಕಡೆ ಕೂತ್ಕೊಳ್ಳಿ!"

ಮುಂದಿನ ಎರಡು ಸಾಲಿನವರು ತಿರುಗಿ ನೋಡಿದ್ರು. ಅವಳು ಸೆರಗು ಸರಿ ಮಾಡ್ಕೊಂಡು ಕೂತು, ನೀರು ಕುಡಿದು, ನನ್ನ ಕಡೆ ತಿರುಗಿದಳು. ಮುಖ ತೊಳೆದ ಹಾಗಿತ್ತು.

"ಇಪ್ಪತ್ತು ವರ್ಷದಿಂದ ನಿಮ್ಮಣ್ಣನಿಗೆ ಇದನ್ನ ಹೇಳಬೇಕು ಅಂತ ಒದ್ದಾಡ್ತಿದ್ದೆ ಕಣ್ರೀ. ಎಷ್ಟು ಹಗುರಾಯ್ತು ಗೊತ್ತಾ? ಮುಂದಿನ ಶನಿವಾರ ಎಷ್ಟು ಗಂಟೆಗೆ ಹೊರಡೋದು?"